ಸಂಪಾದಕರ ಉತ್ತರ: ಬಗ್ಗಿಸುವವನ ಕೈಯಲ್ಲಿ ಕೊಡಲಿ ಏಕೆ?

“ಎಂಟು ವಾರದ ನಾಯಿಮರಿಯನ್ನು ಮನೆಗೆ ತಂದು ಹದಿನೈದು ದಿನವಾಯಿತು. ಮಗನಿಗೆ ಆರು ವರ್ಷ, ಮಗಳಿಗೆ ಮೂರು. ಹಗಲೆಲ್ಲ ಹೇಗೋ ಕಳೆಯುತ್ತದೆ. ಸಂಜೆ ಏಳಾದರೆ ಮರಿಗೆ ಭೂತ ಹೊಕ್ಕಂತಾಗಿ ಕಾಲ್ಬೆರಳು, ಲಂಗದ ಅಂಚು, ಕೈ, ಏನು ಸಿಕ್ಕರೂ ಕಚ್ಚುತ್ತದೆ. ಮಗಳು ಕಿರುಚಿ ಓಡುತ್ತಾಳೆ, ಅದು ಬೆನ್ನಟ್ಟುತ್ತದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಮೂತಿಗೆ ಎರಡು ಕೊಡು’ ಎನ್ನುತ್ತಾರೆ ನಮ್ಮ ಮಾವನವರು. ನನಗೆ ಮನಸ್ಸು ಬರುತ್ತಿಲ್ಲ. ಒಂದು ಸುಲಭ ಉಪಾಯ ತಿಳಿಸಿ. ಮರೆತಿದ್ದೆ: ಕಳೆದ ತಿಂಗಳ ನಿಮ್ಮ ಸಂಚಿಕೆಯನ್ನೂ ಮರಿ ಹರಿದು ಹಾಕಿದೆ. ಧಾರಾವಾಹಿಯ ಒಂದು ಕಂತು ತಪ್ಪಿಹೋಯಿತು.”
— ಓದುಗರೊಬ್ಬರು

ಈ ತಿಂಗಳು ಬಂದ ಪತ್ರಗಳಲ್ಲಿ ರಾಜಕೀಯವಿತ್ತು, ಕಾಗುಣಿತದ ಜಗಳವಿತ್ತು, ಪದಬಂಧದಲ್ಲಿ ತಪ್ಪಿದೆ ಎಂದು ಮೂವರು ಬರೆದದ್ದೂ ಇತ್ತು (ತಪ್ಪಿತ್ತು, ಕ್ಷಮಿಸಿ). ಎಲ್ಲವನ್ನೂ ಬದಿಗಿಟ್ಟು ನಿಮ್ಮ ಪತ್ರ ಹಿಡಿದು ಕುಳಿತಿದ್ದೇನೆ. ‘ಮನಸ್ಸು ಬರುತ್ತಿಲ್ಲ’ ಎಂಬ ಎರಡು ಪದಗಳಿಗಾಗಿ.

ಮೊದಲು ಮಾವನವರ ಪರವಾಗಿ ನಾಲ್ಕು ಮಾತು ಹೇಳಿಬಿಡುತ್ತೇನೆ. ಆಮೇಲೆ ಆ ಕಡೆಗೆ ತಿರುಗುವ ಸಂಭವ ಕಡಿಮೆ. ಮರಿಯಿದ್ದಾಗಲೇ ಕಲಿಸಬೇಕು ಎಂಬುದು ನಿಜ. ಎಳೆಯ ಚರ್ಮಕ್ಕೆ ಹಲ್ಲು ತಾಗಿದಾಗ ‘ಪಾಪ, ಮರಿಯಲ್ಲವೇ’ ಎಂದು ನಕ್ಕು ಸುಮ್ಮನಾಗಬಾರದು ಎಂಬುದೂ ನಿಜ. ಆದರೆ ಗಾದೆ ಹೇಳಿದ್ದು ಬಗ್ಗಿಸುವ ಮಾತು. ಬಗ್ಗಿಸಲು ಹೊರಟವನು ಕೊಡಲಿ ಹಿಡಿದು ಹೋಗುವುದಿಲ್ಲ.

ನಾನು ಹಿಡಿದು ಹೋಗಿದ್ದೆ. ನಮ್ಮ ಮನೆಗೆ ಮರಿ ಬಂದಾಗ ಮಗಳಿಗೆ ನಾಲ್ಕು ವರ್ಷ. ಅದು ಅವಳ ಜಡೆ ಕಚ್ಚಿ ಜಗ್ಗುತ್ತಿತ್ತು. ಬಲ್ಲವರೆಲ್ಲ ಹೇಳಿದಂತೆ ನಾನು ಪತ್ರಿಕೆಯನ್ನು, ನಾನೇ ಕರಡು ತಿದ್ದಿದ ಇದೇ ಪತ್ರಿಕೆಯನ್ನು, ಸುರುಳಿ ಸುತ್ತಿ ಅದರ ಮೂತಿಗೆ ಬಾರಿಸಿದೆ. ಒಂದು ದಿನವಲ್ಲ, ಒಂದು ವಾರ. ಜಡೆ ಜಗ್ಗುವುದು ನಿಲ್ಲಲಿಲ್ಲ. ನಾನು ಮನೆಯಲ್ಲಿ ಇಲ್ಲದ ಹೊತ್ತಿಗೆ ಜರುಗಿತು, ಅಷ್ಟೆ. ಆದರೆ ಆ ನಾಯಿ ಬದುಕಿದ್ದ ಹದಿಮೂರು ವರ್ಷವೂ, ಬೆಳಿಗ್ಗೆ ನಾನು ಪತ್ರಿಕೆ ಬಿಡಿಸಿದ ಸದ್ದು ಕೇಳಿದೊಡನೆ ಎದ್ದು ಮಂಚದ ಕೆಳಗೆ ನುಸುಳುತ್ತಿತ್ತು. ಪತ್ರಿಕೆಯಿಂದ ಹೊಟ್ಟೆ ಹೊರೆಯುವವನಿಗೆ ಅಷ್ಟು ಖಾರವಾದ ವಿಮರ್ಶೆಯನ್ನು ಬೇರಾರೂ ಬರೆದಿಲ್ಲ.

ಇದು ನನ್ನೊಬ್ಬನ ಅನುಭವವೆಂದು ಮಾವನವರು ತಳ್ಳಿಹಾಕಬಹುದು. 2009ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ತಮ್ಮಲ್ಲಿಗೆ ಬಂದ 140 ನಾಯಿಗಳ ಮಾಲೀಕರನ್ನು ವಿಚಾರಿಸಿ ಒಂದು ಅಧ್ಯಯನ ಪ್ರಕಟಿಸಿದರು. ಹೊಡೆದು, ಒದ್ದು ನೋಡಿದವರಲ್ಲಿ ಶೇ 43ರಷ್ಟು ಮಂದಿಗೆ ನಾಯಿ ತಿರುಗಿಬಿದ್ದಿತ್ತು. ನೆಲಕ್ಕೆ ಕೆಡವಿ ಅದುಮಿ ಹಿಡಿದವರಲ್ಲಿ ಶೇ 31. ಹೊಡೆಯುವವನು ದೊಡ್ಡವನಾದರೆ ನಾಯಿ ಅವನ ಮುಂದೆ ಬಾಲ ಮುದುರೀತು. ಲೆಕ್ಕ ಚುಕ್ತಾ ಆಗುವುದು ಮೂರು ವರ್ಷದವಳ ಮೇಲೆ.

ನಾಯಿಗೆ ‘ಯಜಮಾನ ಯಾರೆಂದು ತೋರಿಸಬೇಕು’ ಎಂಬ ಮಾತು ಎಲ್ಲಿಂದ ಬಂತು ಗೊತ್ತೇ? 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ಸ್ವಿಸ್ ವಿಜ್ಞಾನಿ ಬಾಸೆಲ್ ಮೃಗಾಲಯದ ತೋಳಗಳನ್ನು ಕುರಿತು ಬರೆದ ಪ್ರಬಂಧದಿಂದ. ಪರಸ್ಪರ ಪರಿಚಯವಿಲ್ಲದ ತೋಳಗಳನ್ನು ಒಂದೇ ಆವರಣಕ್ಕೆ ತಳ್ಳಿದರೆ ಅವು ಪಟ್ಟಕ್ಕಾಗಿ ಕಿತ್ತಾಡದೆ ಇನ್ನೇನು ಮಾಡಾವು? ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಆ ವಿಚಾರವನ್ನು ಲೋಕಕ್ಕೆಲ್ಲ ಹಬ್ಬಿಸಿದರು. ಆಮೇಲೆ ಹಲವು ಬೇಸಿಗೆಗಳನ್ನು ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡುತೋಳಗಳ ಜೊತೆ ಕಳೆದರು. ಕಂಡದ್ದು ತಂದೆ, ತಾಯಿ, ಮಕ್ಕಳ ಸಂಸಾರ! 1999ರಲ್ಲಿ ತಮ್ಮ ಮಾತನ್ನು ತಾವೇ ತಿದ್ದಿ ಬರೆದರು. ತಪ್ಪು ಮುಖಪುಟದಲ್ಲಿ ಅಚ್ಚಾಗುತ್ತದೆ, ತಿದ್ದುಪಡಿ ಒಳಪುಟದ ಮೂಲೆಯಲ್ಲಿ. ಈ ಕುರ್ಚಿಯಲ್ಲಿ ಕುಳಿತವನಿಗೆ ಅದರ ನಾಚಿಕೆ ಚೆನ್ನಾಗಿ ಗೊತ್ತು. ತಿದ್ದುಪಡಿ ಬಂದು ಇಷ್ಟು ವರ್ಷವಾದರೂ ಮೂತಿಯ ಮೇಲೆ ಏಟು ಬೀಳುತ್ತಲೇ ಇದೆ. ನಾಯಿ ಒಂದು ನೆಪ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ. ‘ದಂಡಂ ದಶಗುಣಂ’ ಎಂದು ಕೇಳುತ್ತ ಬೆಳೆದವರಿಗೆ ಕೈ ಸುಮ್ಮನಿರುವುದಿಲ್ಲ. ತರಗತಿಯಲ್ಲಿ ಬೆತ್ತ ಕೆಳಗಿಟ್ಟೆವು, ಮನೆಯಲ್ಲಿ ಮರಿಯ ಮೇಲೆ ಎತ್ತಿದೆವು.

ಇರಲಿ, ನಿಮ್ಮ ಮರಿಗೆ ಬರುತ್ತೇನೆ. ಅದಕ್ಕೆ ಕೈಯಿಲ್ಲ, ಲೋಕವನ್ನು ಮುಟ್ಟಿ ನೋಡುವುದಕ್ಕೆ ಇರುವುದು ಬಾಯಿ. ಅದರಲ್ಲಿ ಸೂಜಿಯಂಥ 28 ಹಾಲುಹಲ್ಲುಗಳಿವೆ. ಮೂರೂವರೆ, ನಾಲ್ಕು ತಿಂಗಳ ಹೊತ್ತಿಗೆ ಅವು ಉದುರತೊಡಗಿ, ಆರೇಳು ತಿಂಗಳಿಗೆಲ್ಲ 42 ಹಲ್ಲುಗಳು ಬಂದು ನಿಲ್ಲುತ್ತವೆ. ಅಂದರೆ ಒಸಡಿನ ಕಿರಿಕಿರಿ ನಿಮಗೆ ಇನ್ನೂ ಕೆಲವು ತಿಂಗಳು ಖಾತ್ರಿ. ಒಡಹುಟ್ಟಿದ ಮರಿಗಳೊಂದಿಗೆ ಆಡುವಾಗ ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್‌ಗುಟ್ಟಿ ಆಟ ಬಿಟ್ಟು ಹೋಗುತ್ತದೆ. ಜೋರಾಗಿ ಕಚ್ಚಿದರೆ ಆಟ ಕೆಡುತ್ತದೆ ಎಂಬ ಲೆಕ್ಕ ಹಾಗೆ ಕೂಡುತ್ತದೆ. ಎಂಟು ವಾರಕ್ಕೆ ಮುಂಚೆ ಮರಿಯನ್ನು ತಾಯಿಯಿಂದ ಬೇರ್ಪಡಿಸಬೇಡಿ ಎನ್ನುವುದು ಇದಕ್ಕೂ ಸೇರಿಯೇ. ನಿಮ್ಮ ಮನೆಯಲ್ಲಿ ಆ ಪಾಠ ಅರ್ಧಕ್ಕೆ ನಿಂತಿದೆ, ಮುಂದುವರಿಸಬೇಕಾದವರು ನೀವು.

ಹೇಗೆ ಎಂದರೆ, ಅದೇ ಲೆಕ್ಕದಲ್ಲಿ. ಹಲ್ಲು ಚರ್ಮಕ್ಕೆ ತಾಗಿತೋ, ಆಟ ಮುಗಿಯಿತು. ಕೂಗಾಟವಿಲ್ಲ, ತಳ್ಳಾಟವಿಲ್ಲ, ಎದ್ದು ಅಡ್ಡಗೇಟಿನ ಆಚೆ ಹೋಗಿ ಅರ್ಧ ನಿಮಿಷ ನಿಲ್ಲಿ. ಮರಳಿ ಬಂದಾಗ ಅಗಿಯಲು ಹಗ್ಗದ ಗಂಟನ್ನೋ, ಒದ್ದೆ ಮಾಡಿ ಫ್ರಿಜ್‌ನಲ್ಲಿ ತಣ್ಣಗಾಗಿಸಿದ ಬಟ್ಟೆಯನ್ನೋ ಕೊಡಿ, ಕಣ್ಣು ಅದರ ಮೇಲಿರಲಿ. ನೀವೂ ‘ಕುಂಯ್’ ಎನ್ನಿ ಎಂದು ಕೆಲವರು ಹೇಳುತ್ತಾರೆ. ಕೆಲವು ಮರಿಗಳಿಗೆ ಅದು ಸಾಕು, ಕೆಲವಕ್ಕೆ ಇನ್ನಷ್ಟು ಹುರುಪು ಬರುತ್ತದೆ. ಎರಡು ದಿನ ನೋಡಿದರೆ ನಿಮ್ಮದು ಯಾವ ಜಾತಿಯದೆಂದು ತಿಳಿಯುತ್ತದೆ. ಮನೆಯ ಎಲ್ಲರೂ ಒಂದೇ ನಿಯಮ ಹಿಡಿಯಬೇಕು. ಮಾವನವರು ಬರಿಗೈಯಲ್ಲಿ ಮರಿಯೊಂದಿಗೆ ಕುಸ್ತಿ ಆಡುತ್ತಾರೆಂದು ನನ್ನ ಊಹೆ. ತಪ್ಪಿದ್ದರೆ ಬರೆಯಿರಿ.

ಆದರೆ ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇತ್ತು, ನೀವೇ ಗಮನಿಸಲಿಲ್ಲ. ‘ಸಂಜೆ ಏಳಾದರೆ’ ಎಂದಿದ್ದೀರಿ. ಈ ವಯಸ್ಸಿನ ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗಬೇಕು. ಎರಡು ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಮಲಗಲು ಬಿಡುವವರು ಯಾರು? ಒಬ್ಬ ಎತ್ತಿಕೊಳ್ಳುತ್ತಾನೆ, ಒಬ್ಬಳು ಬಾಲ ಹಿಡಿಯುತ್ತಾಳೆ, ಬಂದವರೆಲ್ಲ ಒಮ್ಮೆ ಎಬ್ಬಿಸಿ ಮುದ್ದಿಸುತ್ತಾರೆ. ಸಂಜೆಯ ಹೊತ್ತಿಗೆ ಅದರ ಒಳಗಿರುವುದು ಭೂತವಲ್ಲ, ಬಾಕಿ ಉಳಿದ ನಿದ್ದೆ. ನಿಮ್ಮ ಮಗಳೂ ನಿದ್ದೆ ತಪ್ಪಿದ ದಿನ ಅದೇ ಏಳು ಗಂಟೆಗೆ ನೆಲಕ್ಕೆ ಬಿದ್ದು ಹೊರಳುತ್ತಾಳಲ್ಲವೇ? ಅವಳನ್ನು ಮಲಗಿಸುತ್ತೀರಿ. ಇದನ್ನೂ ಮಲಗಿಸಿ. ಮನೆಯ ಒಂದು ಮೂಲೆಯಲ್ಲಿ ಸುತ್ತ ಅಡ್ಡಕಟ್ಟಿ, ಹಾಸಿಗೆ ಹಾಕಿ. ಒಂದು ಗಂಟೆ ಆಟವಾಡಿದರೆ ಎರಡು ಗಂಟೆ ಅಲ್ಲಿ. ಅದು ಮಲಗಿರುವಾಗ ಮಕ್ಕಳು ಆ ಅಡ್ಡ ದಾಟಬಾರದು. ಇದೊಂದನ್ನು ಹದಿನೈದು ದಿನ ಮಾಡಿ ನೋಡಿ.

ಓಡುವ ಕಾಲನ್ನು ಮರಿ ಬೆನ್ನಟ್ಟುತ್ತದೆ, ಕಿರುಚಿದರೆ ಇನ್ನೂ ಖುಷಿ. ಅದಕ್ಕೆ ಮಗನಿಗೆ ‘ಮರ’ವಾಗಲು ಕಲಿಸಿ: ನಿಂತಲ್ಲೇ ನಿಂತು, ಕೈ ಮಡಚಿ, ತನ್ನ ಕಾಲನ್ನೇ ನೋಡುವುದು. ಅಲ್ಲಾಡದ ಮರದ ಮೇಲೆ ಮರಿಗೆ ಬೇಗ ಬೇಸರ ಬರುತ್ತದೆ. ಆರು ವರ್ಷದವನು ಇದನ್ನು ಆಟದಂತೆ ಕಲಿಯುತ್ತಾನೆ. ಮೂರು ವರ್ಷದವಳಿಂದ ನಿರೀಕ್ಷಿಸಬೇಡಿ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದಲ್ಲಿ ಕರ್ಸ್ಟಿನ್ ಮೈಂಟ್ಸ್ ಮತ್ತು ಸಂಗಡಿಗರು ಎಳೆಯ ಮಕ್ಕಳಿಗೆ ನಾಯಿಗಳ ಮುಖಭಾವ ತೋರಿಸಿ ಕೇಳಿದಾಗ, ಹಲ್ಲು ಕಿರಿದ ನಾಯಿಯನ್ನು ‘ನಗುತ್ತಿದೆ’ ಎಂದುಕೊಂಡವರಿದ್ದರು. ನಗುವವರನ್ನು ಮಕ್ಕಳು ಅಪ್ಪಿಕೊಳ್ಳಲು ಹೋಗುತ್ತಾರೆ. ಎಳೆಯ ಮಕ್ಕಳಿಗೆ ಕಡಿತ ಬೀಳುವುದು ಹೆಚ್ಚಾಗಿ ಮುಖ, ಕತ್ತುಗಳಿಗೆ. ಕಚ್ಚುವುದು ಹೆಚ್ಚಾಗಿ ಪರಿಚಯದ ನಾಯಿಯೇ.

ಈಗ ನಿಮ್ಮನ್ನು ಸ್ವಲ್ಪ ಬೈಯಬೇಕು. ‘ಸುಲಭ ಉಪಾಯ’ ಕೇಳಿದಿರಿ. ಈ ಅಂಕಣಕ್ಕೆ ಬರುವ ಹತ್ತು ಪತ್ರಗಳಲ್ಲಿ ಎಂಟು ಅದನ್ನೇ ಕೇಳುತ್ತವೆ. ಮಗು ಓದುವುದಕ್ಕೆ ಒಂದು ಉಪಾಯ, ಗಂಡ ಮಾತಾಡುವುದಕ್ಕೆ ಒಂದು, ಮರಿ ಕಚ್ಚದಿರುವುದಕ್ಕೆ ಒಂದು. ನಮ್ಮ ಭಾಷೆಯಲ್ಲಿ ಸಾಕುವುದಕ್ಕೆ ‘ನೋಡಿಕೊಳ್ಳುವುದು’ ಎನ್ನುತ್ತಾರೆ. ಪದದಲ್ಲೇ ನೋಡುವ ಕೆಲಸವಿದೆ. ಈಗ ನಾವು ಒಂದೇ ಕೋಣೆಯಲ್ಲಿ ಮೊಬೈಲ್ ಹಿಡಿದು ಕುಳಿತಿರುವುದಕ್ಕೂ ಅದೇ ಪದ ಬಳಸುತ್ತೇವೆ. ಅದಕ್ಕಿಂತ ಕೇಡು, ಮಗು ನಾಯಿಯ ಕತ್ತು ತಬ್ಬಿದ ಚಿತ್ರ ತೆಗೆದು ಹಂಚುತ್ತೇವೆ. ಚಿತ್ರದಲ್ಲಿ ನಾಯಿ ಮುಖ ತಿರುಗಿಸಿಕೊಂಡಿದೆ, ಕಣ್ಣಿನ ಬಿಳಿ ಕಾಣುತ್ತಿದೆ, ತುಟಿ ನೆಕ್ಕುತ್ತಿದೆ. ಬಿಡಿ ಎಂದು ಅದು ಅಷ್ಟು ಬಾರಿ ಬೇಡಿಕೊಂಡರೂ ಕೆಳಗೆ ಐನೂರು ಮಂದಿ ಹೃದಯದ ಚಿಹ್ನೆ ಒತ್ತಿದ್ದಾರೆ. ಜವಾಬ್ದಾರಿ ಕಲಿಯಲಿ ಎಂದು ಮಕ್ಕಳಿಗೆ ಮರಿ ತಂದುಕೊಡುವವರನ್ನೂ ಕಂಡಿದ್ದೇನೆ. ಮರಿ ದೊಡ್ಡವರದು. ಮಕ್ಕಳು ಜೊತೆಯಲ್ಲಿ ಬೆಳೆಯುತ್ತಾರೆ, ಅಷ್ಟೆ.

ಎರಡು ವಿಷಯದಲ್ಲಿ ಮಾತ್ರ ತಾಳ್ಮೆ ಬೇಡ. ಹಲ್ಲು ಚರ್ಮ ಕೊರೆದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ವೈದ್ಯರ ಬಳಿ ಹೋಗಿ. ರೇಬೀಸ್ ಮರಿಯಿಂದಲೂ ಬರುತ್ತದೆ, ಲಕ್ಷಣ ಕಾಣಿಸಿದ ಮೇಲೆ ಹೆಚ್ಚು ಕಡಿಮೆ ಯಾರೂ ಉಳಿಯುವುದಿಲ್ಲ. 1885ರಲ್ಲಿ ಪಾಸ್ಚರ್ ಮೊದಲು ಲಸಿಕೆ ಕೊಟ್ಟದ್ದು ಒಂಬತ್ತು ವರ್ಷದ ಹುಡುಗನಿಗೆ, ಅವನು ಉಳಿದ. ಮರಿಯ ಲಸಿಕೆಗಳ ದಿನಗಳನ್ನೂ ಪಶುವೈದ್ಯರಿಂದ ಬರೆಸಿಕೊಳ್ಳಿ. ಇನ್ನೊಂದು: ಆಟದ ಮರಿ ಮುಂಗಾಲು ಚಾಚಿ, ಎದೆ ತಗ್ಗಿಸಿ, ಹಿಂಭಾಗ ಎತ್ತಿ ಕುಣಿಯುತ್ತದೆ, ಮೈ ಸಡಿಲವಿರುತ್ತದೆ. ಮೈ ಸೆಟೆದು, ದಿಟ್ಟಿಸಿ, ಊಟದ ತಟ್ಟೆಯ ಮೇಲೆ ಗುರುಗುಟ್ಟಿದರೆ ಅದು ಆಟವಲ್ಲ, ಪಶುವೈದ್ಯರಿಗೆ ತೋರಿಸಿ. ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ. ಹೊಡೆದರೆ ಮುಂದಿನ ಸಲ ಅದು ಗುರುಗುಟ್ಟದೆಯೇ ಕಚ್ಚುತ್ತದೆ.

ಮರಿ ಹರಿದ ಸಂಚಿಕೆಯ ಇನ್ನೊಂದು ಪ್ರತಿಯನ್ನು ಇಂದೇ ಅಂಚೆಗೆ ಹಾಕಿಸಿದ್ದೇನೆ. ಸುರುಳಿ ಸುತ್ತಿ ಕಳುಹಿಸುವುದು ನಮ್ಮ ಕಚೇರಿಯ ರೂಢಿ. ನಿಮ್ಮ ಪ್ರತಿಯನ್ನು ಚಪ್ಪಟೆ ಲಕೋಟೆಯಲ್ಲಿಡಲು ಹೇಳಿದ್ದೇನೆ.