ಸನ್ನೆ ಸರಿ ಇದ್ದರೂ ಆ್ಯಪ್ ತಪ್ಪು ಅನ್ನೋದು ಯಾಕೆ?

ಕಿವಿ ಕೇಳದ ನಾಲ್ಕು ವರ್ಷದ ಮಗಳು ಸನ್ನೆ ಸರಿಯಾಗಿ ಮಾಡಿದರೂ ಟ್ಯಾಬ್‌ನಲ್ಲಿರುವ ಸನ್ನೆ ಭಾಷೆ ಕಲಿಸುವ ಆ್ಯಪ್ ತಪ್ಪು ತೋರಿಸುತ್ತೆ ಅಂದಿದ್ದೀರಿ. ಮೊದಲು ಅದು ಅಮೆರಿಕನ್ ಸನ್ನೆ ಭಾಷೆಯದ್ದಾ ನೋಡಿ. ಅಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಒಂದೇ ಕೈಯಲ್ಲಿ ತೋರಿಸುತ್ತಾರೆ, ನಮ್ಮಲ್ಲಿ ಹೆಚ್ಚಿನವಕ್ಕೆ ಎರಡೂ ಕೈ ಬೇಕು. ಹಾಗಿದ್ದರೆ ಅಳಿಸಿಬಿಡಿ, ಸೆಟ್ಟಿಂಗ್ ತಿದ್ದಿ ಪ್ರಯೋಜನವಿಲ್ಲ.

ಭಾರತೀಯ ಸನ್ನೆ ಭಾಷೆಯದ್ದೇ ಆಗಿದ್ದರೆ ತೊಂದರೆ ಬಹುಶಃ ಕ್ಯಾಮೆರಾದ್ದು. ಕ್ಯಾಮೆರಾ ಚಿತ್ರದಲ್ಲಿ ಕೈಯನ್ನು ಪತ್ತೆಹಚ್ಚುವ ಮೀಡಿಯಾಪೈಪ್‌ನಂಥ ತಂತ್ರಾಂಶ ಪ್ರತಿ ಕೈಯಲ್ಲಿ 21 ಬಿಂದು ಗುರುತಿಸುತ್ತೆ. ಒಂದು ಕೈ ಇನ್ನೊಂದನ್ನು ಮುಚ್ಚಿದ ಕೂಡಲೇ ಹಿಂದಿನ ಬೆರಳುಗಳನ್ನು ಊಹಿಸಬೇಕು, ಎಡವೋದು ಅಲ್ಲೇ. ಮಗುವನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಬೇಡಿ. ಟ್ಯಾಬ್ ಕೈಗೆ ಕೊಡದೆ ಅವಳ ಎದೆಮಟ್ಟದಲ್ಲಿ ಸ್ಟ್ಯಾಂಡಿಗೆ ನಿಲ್ಲಿಸಿ, ತಲೆಯಿಂದ ಸೊಂಟದವರೆಗೆ ಕಾಣುವಷ್ಟು ದೂರ ಇರಲಿ. ತುಂಬುತೋಳಿನ ಅಂಗಿಯಾದರೆ ತೋಳು ಮಡಚಿ.

ಈ ವಯಸ್ಸಲ್ಲಿ ಬೆರಳಿನ ಆಕಾರ ಕೊಂಚ ತಪ್ಪೋದು ಸಹಜ, ಕೇಳುವ ಮಕ್ಕಳು ಸಕ್ಕರೆಗೆ 'ತಕ್ಕರೆ' ಅನ್ನೋ ಹಾಗೆ. ಅಂಕ ತೋರಿಸುವ ಆಯ್ಕೆ ಇದ್ದರೆ ಆಫ್ ಮಾಡಿ. ಹುಬ್ಬು ಏರಿಸೋದೂ ಸನ್ನೆ ಭಾಷೆಯಲ್ಲಿ ವ್ಯಾಕರಣವೇ, ಬರೀ ಕೈ ನೋಡುವ ಆ್ಯಪ್‌ಗೆ ಅದು ಕಾಣಲ್ಲ. ಸನ್ನೆ ಖಚಿತಪಡಿಸಿಕೊಳ್ಳಲು ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು ಇದೆ, 2021ರ ಆವೃತ್ತಿಯಲ್ಲೇ 10,000 ಪದಗಳ ವಿಡಿಯೊ ಇವೆ. ದಿನಕ್ಕೆ ಮೂರು ಸನ್ನೆ ಸಾಕು, ಊಟಕ್ಕೆ ಕೂತಾಗ ನೀವೂ ಅವನ್ನೇ ಬಳಸಿ.