ಕಾಂಟ್ರಾಕ್ಟ್ ಮುಗಿದ ಮೇಲೂ ಕೇಳಬಹುದು

ತಮ್ಮಾ, ಮನಿಲಾ ಜೀವನ ಹೇಗೆ ಅಂತ ನೀನು ಕೇಳಿದ್ದೀಯ. ಬಾಡಿಗೆ, ಜೀಪ್ನಿ, ಮಳೆಗಾಲದ ನೀರು ಎಲ್ಲಾ ತಾನಾಗೇ ಅಭ್ಯಾಸ ಆಗುತ್ತೆ. ನಿನ್ನ ಮನೆ ಮಾಲೀಕರ ವಿಷಯ ಮಾತ್ರ ತಡಮಾಡುವಂಥದ್ದಲ್ಲ.

ಅವರು ಹಡಗಿನಲ್ಲಿ ಆಯಿಲರ್ (ಎಂಜಿನ್ ರೂಮಿನ ಕೆಲಸಗಾರ) ಆಗಿದ್ದವರು, ಕಾಂಟ್ರಾಕ್ಟ್ ಮುಗಿಸಿ ಬಂದರು, ಆಮೇಲೆ ಹೃದಯದ ಕಾಯಿಲೆ ಗೊತ್ತಾಯಿತು, ಹಡಗಿಗೆ ಕಳಿಸಿದ್ದ ಏಜೆನ್ಸಿಯವರು ‘ಈಗ ನಮಗೆ ಸಂಬಂಧವಿಲ್ಲ’ ಅಂದುಬಿಟ್ಟರು ಅಂತ ಬರೆದಿದ್ದೀಯ. ಅಷ್ಟಕ್ಕೇ ಸುಮ್ಮನಾಗಬೇಡಿ ಅನ್ನು. ಇಳಿದ ಮೇಲೆ ಕಾಣಿಸಿಕೊಂಡ ಕಾಯಿಲೆಗೂ ಪರಿಹಾರ ಕೇಳಬಹುದು ಅಂತ ಇಲ್ಲಿನ, ಅಂದರೆ ಫಿಲಿಪೀನ್ಸಿನ, ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಕಷ್ಟ ಇರೋದು ಸಾಕ್ಷ್ಯದಲ್ಲಿ. ಹಡಗಿನಲ್ಲಿದ್ದಾಗಲೇ ಕಾಯಿಲೆ ಬಿದ್ದರೆ ಅದು ಕೆಲಸದಿಂದಲೇ ಬಂತು ಅಂತ ಕಾನೂನು ಮೊದಲಿಗೆ ಒಪ್ಪಿಕೊಳ್ಳುತ್ತೆ, ಅಲ್ಲ ಅಂತ ತೋರಿಸೋದು ಕಂಪನಿ ಪಾಲಿಗೆ. ಕಾಂಟ್ರಾಕ್ಟ್ ಮುಗಿದವರಿಗೆ ಆ ಅನುಕೂಲ ಇಲ್ಲ. ಪಿಒಇಎ ಕಾಂಟ್ರಾಕ್ಟಿನ (ಹಡಗು ನೌಕರರಿಗೆ ಸರ್ಕಾರ ಗೊತ್ತುಮಾಡಿದ ಮಾದರಿ ಕಾಂಟ್ರಾಕ್ಟ್) 32-ಎ ಪಟ್ಟಿಯಲ್ಲಿ, ಅಂದರೆ ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿಯಲ್ಲಿ, ಕಾಯಿಲೆ ಇದ್ದರೆ ಅಲ್ಲಿನ ಷರತ್ತು ಪೂರೈಸಬೇಕು, ಇಲ್ಲದಿದ್ದರೆ ಕೆಲಸಕ್ಕೂ ಕಾಯಿಲೆಗೂ ಇರುವ ನಂಟನ್ನು ತಾವೇ ತೋರಿಸಬೇಕು.

ಹೃದಯದ ಕಾಯಿಲೆ ಆ ಪಟ್ಟಿಯಲ್ಲಿದೆ. ಬಿಪಿ ಮೊದಲಿಂದ ಇದ್ದಿದ್ದರೆ ಮಾತ್ರೆ ತಪ್ಪದೆ ತಗೊಂಡಿದ್ದಕ್ಕೆ ಚೀಟಿ ಬೇಕು. ಎಂಜಿನ್ ರೂಮಿನಲ್ಲಿ ಯಾವ ಪಾಳಿ, ಎಷ್ಟು ಬಿಸಿ, ಏನೇನು ಎತ್ತುತ್ತಿದ್ದರು, ಎಲ್ಲಾ ಮರೆಯೋ ಮೊದಲು ಬರೆದಿಡಲಿ. ನಮ್ಮ ಪಕ್ಕದ ಮನೆಯಾಕೆ, ಗಂಡ ಹಡಗಿನಿಂದ ಕಳಿಸಿದ್ದ ‘ಎದೆ ಹಿಡಿದಂಗಾಗ್ತಿದೆ’ ಅನ್ನೋ ಮೆಸೇಜುಗಳನ್ನು ತಾರೀಖು ಕಾಣುವಂತೆ ಪ್ರಿಂಟ್ ತೆಗೆಸಿ ಫೈಲಿಗೆ ಸೇರಿಸಿದ್ದರು. ಹಡಗಿನ ದಾಖಲೆಯಲ್ಲಿ ಒಂದು ಸಾಲೂ ಇರಲಿಲ್ಲ, ಯಾಕಂದ್ರೆ ಆ ಮನುಷ್ಯ ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿದರೆ ಮುಂದಿನ ಕಾಂಟ್ರಾಕ್ಟ್ ಸಿಗಲ್ಲ ಅನ್ನೋ ಭಯ. ಹೊಟ್ಟೆಪಾಡಿಗೆ ನೋವು ನುಂಗಿಕೊಂಡವನಿಗೆ ಆಮೇಲೆ ‘ದಾಖಲೆ ಎಲ್ಲಿ’ ಅಂತ ಕೇಳೋದು ನೋಡಿದರೆ ಸಂಕಟವಾಗುತ್ತೆ.

ಹಡಗು ಹತ್ತುವ ಮುಂಚಿನ ತಪಾಸಣೆಯಲ್ಲಿ ‘ಫಿಟ್’ ಅಂತ ಬರೆದಿದ್ದನ್ನೇ ನೆಚ್ಚಿಕೊಳ್ಳೋದು ಬೇಡ, ಅಷ್ಟರಿಂದಲೇ ನಂಟು ಸಾಬೀತಾಗಲ್ಲ. ಅವರ ಡಾಕ್ಟರು ‘ಕೆಲಸಕ್ಕೆ ಅನರ್ಹ’ ಅಂತ ಬರೆದರೂ ಸಾಲದು, ಆ ಕೆಲಸದಿಂದ ಈ ಕಾಯಿಲೆ ಹೇಗೆ ಬಂತು ಅಥವಾ ಉಲ್ಬಣಿಸಿತು ಅಂತ ಬಿಡಿಸಿ ಬರೆಯಬೇಕು. ಇಳಿದ 3 ಕೆಲಸದ ದಿನದೊಳಗೆ ಕಂಪನಿ ಡಾಕ್ಟರಿಗೆ ತೋರಿಸೋ ನಿಯಮ ಹಡಗಿನಲ್ಲೇ ಕಾಯಿಲೆ ಬಿದ್ದವರಿಗೆ. ಆದರೂ ಇಳಿದವರೆಲ್ಲ ತೋರಿಸಿಕೊಳ್ಳೋದೇ ಕ್ಷೇಮ ಅಂತ ನನ್ನ ಅಭಿಪ್ರಾಯ.

ದಾವೆ ಹಾಕಬೇಕಾದ್ದು ಎನ್‌ಎಲ್‌ಆರ್‌ಸಿಯಲ್ಲಿ (ಕಾರ್ಮಿಕ ವ್ಯಾಜ್ಯಗಳ ಸರ್ಕಾರಿ ಆಯೋಗ), 3 ವರ್ಷದೊಳಗೆ. ಪೂರ್ತಿ, ಶಾಶ್ವತ ಅಂಗವೈಕಲ್ಯಕ್ಕೆ ಪಿಒಇಎ ಕಾಂಟ್ರಾಕ್ಟಿನಲ್ಲಿ 60,000 ಅಮೆರಿಕನ್ ಡಾಲರ್. ಯೂನಿಯನ್ ಒಪ್ಪಂದ ಇದ್ದರೆ ಮೊತ್ತ ಬೇರೆ ಇರಬಹುದು, ಆ ಪ್ರತಿಯನ್ನೂ ಹುಡುಕಲಿ. ಮನಿಲಾದಲ್ಲಿ ಹಡಗು ನೌಕರರು ಸೇರೋ ಕಲಾವ್ ಅವೆನ್ಯೂ ಕಡೆ ಯಾರಾದರೂ ‘ಅರ್ಧ ಕೊಡಿ, ಗೆಲ್ಲಿಸ್ತೀವಿ’ ಅಂತ ಬೆನ್ನು ಹತ್ತಿದರೆ ದೂರ ಇರಲಿ. 2015ರ ಕಾಯ್ದೆ ಪ್ರಕಾರ ವಕೀಲರ ಫೀಸು ಬಂದ ಹಣದ 10% ದಾಟುವಂತಿಲ್ಲ.

ಏಜೆನ್ಸಿಗೆ ಹೋಗಿ ವೈದ್ಯಕೀಯ ದಾಖಲೆ ಕೊಡಿ ಅಂತ ಬರವಣಿಗೆಯಲ್ಲೇ ಕೇಳಲಿ, ತಮ್ಮ ಪ್ರತಿಗೆ ‘ರಿಸೀವ್ಡ್’ ಸೀಲು ಹಾಕಿಸಿಕೊಳ್ಳಲಿ. ಆಗುವುದಾದರೆ ನೀನೂ ಜೊತೆಗೆ ಹೋಗು.