ಓದುಗರ ಪ್ರಶ್ನೆ: ಸಣ್ಣ ಪಕ್ಷದೊಳಗಿನ ಭಿನ್ನಮತ

ಪ್ರಶ್ನೆ: ನಾನು ಒಂದು ಸಣ್ಣ ಸಮಾಜವಾದಿ ಪಕ್ಷದ ತಾಲ್ಲೂಕು ಘಟಕದ ಕಾರ್ಯದರ್ಶಿ. ನಮ್ಮಲ್ಲಿ ಮೂವತ್ತಕ್ಕಿಂತ ತುಸು ಹೆಚ್ಚು ಸದಸ್ಯರಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬೆಳೆಯುವವರೂ, ಕೊನೆಭಾಗದಲ್ಲಿ ನೀರಿಗಾಗಿ ಕಾಯುವವರೂ ನಮ್ಮವರೇ. ಕೊನೆಭಾಗದ ರೈತರ ಪರವಾಗಿ ಧರಣಿ ಕೂರುವ ಠರಾವು ಬಹುಮತದಿಂದ ಅಂಗೀಕಾರವಾಯಿತು. ವಿರೋಧಿಸಿದ ಇಬ್ಬರು ಸದಸ್ಯರು ಧರಣಿಗೆ ಅಡ್ಡಿ ಮಾಡಲಿಲ್ಲ; ಆದರೆ ಠರಾವು ಸರಿಯಲ್ಲವೆಂದು ಊರ ಕಟ್ಟೆಯ ಮೇಲೆ ನಾಲ್ಕು ಜನರ ಎದುರು ಹೇಳಿದರು. ಅವರನ್ನು ಉಚ್ಚಾಟಿಸಬೇಕೆಂದು ಜಿಲ್ಲಾ ಮುಖಂಡರು ಹೇಳುತ್ತಿದ್ದಾರೆ. ನಾನು ಏನು ಮಾಡಲಿ?
– ಓದುಗರು, ಸಿಂಧನೂರು

ಉತ್ತರ: ಉಚ್ಚಾಟಿಸಬೇಡಿ. ಅವರು ಅಡ್ಡಿ ಮಾಡಲಿಲ್ಲ ಎಂದು ನೀವೇ ಬರೆದಿದ್ದೀರಿ. ನನ್ನ ಉತ್ತರ ನಿಂತಿರುವುದು ಆ ಒಂದು ಮಾತಿನ ಮೇಲೆ. ಮಾತಿಗೆ ಸ್ವಾತಂತ್ರ್ಯ, ಕೃತಿಗೆ ನಿಯಂತ್ರಣ ಎಂಬುದು ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ತಮ್ಮ ಪಕ್ಷಕ್ಕೆ ಹಾಕಿಕೊಟ್ಟ ನಿಯಮ. ಸದಸ್ಯನು ಪಕ್ಷದ ತೀರ್ಮಾನವನ್ನು ಬಹಿರಂಗವಾಗಿ ಟೀಕಿಸಬಹುದು, ಆದರೆ ಅದರ ವಿರುದ್ಧ ನಡೆಯುವಂತಿಲ್ಲ. ನಿಮ್ಮ ಇಬ್ಬರು ಸದಸ್ಯರು ಆ ಗೆರೆಯನ್ನು ದಾಟಿಲ್ಲ.

ಈ ನಿಯಮ ಯಾವುದೋ ಪುಸ್ತಕದ ಕೋಣೆಯಲ್ಲಿ ಹುಟ್ಟಿದ್ದಲ್ಲ, ಪಕ್ಷ ಒಡೆದ ನೋವಿನಿಂದ ಬಂದದ್ದು. 1954ರ ಆಗಸ್ಟ್‌ನಲ್ಲಿ, ಕೇರಳ ರಾಜ್ಯವಾಗುವ ಮುಂಚಿನ ತಿರುವಾಂಕೂರು-ಕೊಚ್ಚಿ ರಾಜ್ಯದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಪಟ್ಟಂ ತಾಣು ಪಿಳ್ಳೆಯವರ ಸರ್ಕಾರವಿದ್ದಾಗ ಪೊಲೀಸರು ಗೋಲಿಬಾರ್ ಮಾಡಿದರು. ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಲೋಹಿಯಾ ಆಗ ಉತ್ತರ ಪ್ರದೇಶದ ಜೈಲಿನಲ್ಲಿದ್ದರು. ಕಾಲುವೆ ರೈತರಾದ ನೀವು ಗಮನಿಸಬೇಕಾದ ಸಂಗತಿಯೆಂದರೆ, ಹೆಚ್ಚಿಸಿದ ನೀರಾವರಿ ಕರವನ್ನು ಕೊಡಬೇಡಿ ಎಂದು ರೈತರಿಗೆ ಹೇಳಿದ್ದಕ್ಕಾಗಿಯೇ ಅವರು ಸೆರೆಯಾಗಿದ್ದರು. ಅಲ್ಲಿಂದಲೇ ಅವರು ತಮ್ಮದೇ ಪಕ್ಷದ ಸರ್ಕಾರ ರಾಜೀನಾಮೆ ಕೊಡಬೇಕೆಂದು ಕೇಳಿದರು. ಪಕ್ಷ ಒಪ್ಪಲಿಲ್ಲ, ಅವರು ಹುದ್ದೆ ಬಿಟ್ಟರು. ಮರುವರ್ಷ, ಮುಖಂಡರನ್ನು ಟೀಕಿಸಿದ, ಲೋಹಿಯಾ ಸಂಗಡಿಗ ಮಧು ಲಿಮಯೆಯವರನ್ನು ಪಕ್ಷ ಅಮಾನತು ಮಾಡಿತು. 1955 ಮುಗಿಯುವ ಹೊತ್ತಿಗೆ ಲೋಹಿಯಾ ಮತ್ತು ಸಂಗಡಿಗರು ಹೊರಬಂದು ಹೈದರಾಬಾದಿನಲ್ಲಿ ಬೇರೆ ಸೋಷಲಿಸ್ಟ್ ಪಕ್ಷ ಕಟ್ಟಿದರು. 1964ರಲ್ಲಿ ಸಂಯುಕ್ತ ಸೋಷಲಿಸ್ಟ್ ಪಕ್ಷವಾಗಿ ಎರಡೂ ಕಡೆಯವರು ಕೂಡಿದರೂ ಆ ಕೂಟ ಮರುವರ್ಷವೇ ಮತ್ತೆ ಬಿರಿಯಿತು. ಭಿನ್ನ ಮಾತನ್ನು ಹೊರಹಾಕಿದ ಪಕ್ಷ ಗಟ್ಟಿಯಾದ ಉದಾಹರಣೆಯನ್ನು ಈ ಚರಿತ್ರೆಯಲ್ಲಿ ನಾನು ಕಂಡಿಲ್ಲ. ಸಾವಿರಾರು ಸದಸ್ಯರಿದ್ದ ಪಕ್ಷಕ್ಕೇ ತಡೆಯದ ಪೆಟ್ಟನ್ನು ಮೂವತ್ತು ಜನರ ಘಟಕ ತಡೆದೀತೆಂದು ನಿಮ್ಮ ಜಿಲ್ಲಾ ಮುಖಂಡರು ಭಾವಿಸಬಾರದು.

ಇನ್ನು ಆ ಇಬ್ಬರು ಹೇಳಿದ ಮಾತಿನ ತಿರುಳಿಗೆ ಬರೋಣ. ಅವರು ಏಕೆ ವಿರೋಧಿಸಿದರು ಎಂಬುದನ್ನು ನೀವು ಬರೆದಿಲ್ಲ, ಮತ್ತು ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಅದೇ. ಎಡದಂಡೆ ಮುಖ್ಯ ಕಾಲುವೆ 227 ಕಿಲೋಮೀಟರ್ ಹರಿಯುತ್ತದೆ. ಯೋಜನೆ ರೂಪಿಸಿದಾಗ ಹೆಚ್ಚಿನ ಜಮೀನನ್ನು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ ಗುರುತಿಸಲಾಗಿತ್ತು. ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಭತ್ತ ಹಬ್ಬಿದ ಮೇಲೆ ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆಭಾಗಕ್ಕೆ ನೀರು ತಲುಪುವುದು ದುಸ್ತರವಾಯಿತು. ಮೇಲಾಗಿ, 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ಕಡಿದು ನೀರು ನದಿಗೆ ಹರಿದಾಗ, ಮೇಲಿನವರೂ ಕೆಳಗಿನವರೂ ಒಂದೇ ರಾತ್ರಿ ನಿದ್ದೆಗೆಟ್ಟದ್ದನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಕೊನೆಭಾಗದ ಪರವಾದ ನಿಮ್ಮ ಠರಾವು ನ್ಯಾಯವಾದದ್ದೇ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಆದರೆ ಮೇಲ್ಭಾಗದಲ್ಲಿ ಭತ್ತ ನಾಟಿ ಮಾಡುವವರೆಲ್ಲ ಜಮೀನ್ದಾರರಲ್ಲ. ಎಕರೆಗೆ ಇಂತಿಷ್ಟು ಚೀಲ ಭತ್ತ ಕೊಡುವೆನೆಂದು ಒಪ್ಪಿ ಹೊಲವನ್ನು ಲೀಜಿಗೆ ಹಿಡಿದವರು ಅಲ್ಲಿ ಬಹಳ ಮಂದಿ ಇದ್ದಾರೆ. ನೀರು ಕಡಿತವಾದರೂ, ಬೆಳೆ ಬದಲಿಸಿದರೂ ಹೊಲದ ಧಣಿ ಚೀಲದ ಲೆಕ್ಕ ಬದಲಿಸುವುದಿಲ್ಲ. ನಿಮ್ಮ ಇಬ್ಬರು ಸದಸ್ಯರು ಅಂಥವರಾಗಿದ್ದರೆ ಅವರ ಆಕ್ಷೇಪ ಕೊನೆಭಾಗದ ರೈತರ ವಿರುದ್ಧವಾದುದಲ್ಲ. ಠರಾವಿನಲ್ಲಿ ತಮ್ಮ ಹೆಸರೇ ಇಲ್ಲವೆಂಬ ಕೊರಗು ಅದು. ಸರದಿಯಂತೆ ನೀರು ಬಿಡುವ ವಾರಾಬಂದಿ ಕಟ್ಟುನಿಟ್ಟಾಗಲಿ, ಕಾಲುವೆಗೆ ಹಾಕಿದ ಅಕ್ರಮ ಪಂಪ್‌ಸೆಟ್ಟುಗಳು ತೆಗೆಯಲ್ಪಡಲಿ ಎಂಬುದರ ಜೊತೆಗೆ, ನೀರು ಕಡಿತವಾದ ವರ್ಷ ಲೀಜಿನ ಚೀಲವೂ ಕಡಿಮೆಯಾಗಲಿ ಎಂಬ ಸಾಲನ್ನು ಠರಾವಿಗೆ ಸೇರಿಸಿ ಮತ್ತೊಮ್ಮೆ ಸಭೆಯ ಮುಂದಿಡಿ. ಆಗ ಐಸಿಸಿ ಎಂದೇ ಜನ ಕರೆಯುವ ನೀರಾವರಿ ಸಲಹಾ ಸಮಿತಿಯ ಸಭೆಗೆ ನೀವು ಒಯ್ಯುವ ಮನವಿಗೆ ಎರಡೂ ಭಾಗದ ರೈತರ ರುಜು ಬೀಳುತ್ತದೆ.

ಆ ಸಭೆಯನ್ನು ಪಕ್ಷದ ಕಚೇರಿಯಲ್ಲಿ ಕರೆಯದೆ ಕೊನೆಭಾಗದ ಯಾವುದಾದರೂ ಹಳ್ಳಿಯ ವಿತರಣಾ ಕಾಲುವೆಯ ಪಕ್ಕದಲ್ಲಿ ಕರೆಯಿರಿ, ಸದಸ್ಯರಲ್ಲದವರೂ ಕೂತು ಕೇಳಲಿ. ಪಕ್ಷದೊಳಗಿನ ಚರ್ಚೆ ಒಂದು ಕೆಲಸ, ಜನರನ್ನು ತಲುಪುವುದು ಇನ್ನೊಂದು ಕೆಲಸ ಎಂದು ಬೇರೆ ಮಾಡಿಕೊಂಡಿರುವುದೇ ನಮ್ಮ ಸಣ್ಣ ಪಕ್ಷಗಳ ದೊಡ್ಡ ತಪ್ಪೆಂಬುದು ನನ್ನ ಖಚಿತ ಅಭಿಪ್ರಾಯ. ತನ್ನ ಕಷ್ಟದ ಬಗ್ಗೆ ಎರಡು ಕಡೆಯವರು ಕಾಳಜಿಯಿಂದ ವಾದಿಸುವುದನ್ನು ಕಣ್ಣಾರೆ ಕಂಡ ರೈತ ಮರುದಿನ ಆ ಪಕ್ಷದವರನ್ನು ತಾನೇ ಹುಡುಕಿಕೊಂಡು ಬರುತ್ತಾನೆ. ಸಿದ್ಧ ಠರಾವಿನ ಪ್ರತಿ ಕೈಗಿಟ್ಟರೆ ಮಡಚಿ ಕಿಸೆಗೆ ಹಾಕಿಕೊಳ್ಳುತ್ತಾನೆ. ಕಾರ್ಯದರ್ಶಿಯಾಗಿ ನೀವು ಇನ್ನೊಂದು ಕೆಲಸ ಮಾಡಬೇಕು. ಮತದಲ್ಲಿ ಸೋತವರ ಕಾರಣಗಳನ್ನೂ, ಅವರದೇ ಮಾತಿನಲ್ಲಿ, ನಡಾವಳಿ ಪುಸ್ತಕದಲ್ಲಿ ಬರೆದು ಅವರಿಗೆ ಓದಿ ಹೇಳಿ. ಕಟ್ಟೆಯ ಮೇಲೆ ಹೋಗಿ ಹೇಳಬೇಕಾದ ತುರ್ತು ಅರ್ಧಕ್ಕರ್ಧ ಅಲ್ಲಿಯೇ ಇಳಿಯುತ್ತದೆ.

ಪ್ರಶ್ನೆ: ಬಳ್ಳಾರಿಯ ಜೀನ್ಸ್ ಹೊಲಿಗೆ ಕೆಲಸಗಾರರ ನಡುವೆ ನಮ್ಮ ಪಕ್ಷದ ಕರಪತ್ರ ಹಂಚುತ್ತಾ ಬಂದಿದ್ದೇವೆ. ತೆಗೆದುಕೊಳ್ಳುತ್ತಾರೆ, ಸಭೆಗೆ ಮಾತ್ರ ಒಬ್ಬರೂ ಬರುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ?
– ಓದುಗರು, ಬಳ್ಳಾರಿ

ಉತ್ತರ: ನೀವು ಲಗತ್ತಿಸಿದ ಕರಪತ್ರವನ್ನು ಓದಿದೆ. ಸಮಾಜವಾದವೆಂದರೇನು ಎಂಬುದನ್ನು ಚೆನ್ನಾಗಿಯೇ ವಿವರಿಸಿದ್ದೀರಿ, ಆದರೆ ಪೀಸಿನ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಂಗಸಿಗೆ ಅದರಲ್ಲಿ ತನ್ನ ದಿನದ ಒಂದು ಗಂಟೆಯೂ ಕಾಣುವುದಿಲ್ಲ. ಕಾಗೋಡು ಸತ್ಯಾಗ್ರಹವನ್ನು ನೆನೆಯಿರಿ. 1951ರಲ್ಲಿ ಸಾಗರ ತಾಲ್ಲೂಕಿನ ಗೇಣಿದಾರರು ಎದ್ದು ನಿಂತದ್ದಕ್ಕೆ ಒಂದು ಮುಖ್ಯ ಕಾರಣ, ಗೇಣಿ ಅಳೆಯುವ ಕೊಳಗದ ಗಾತ್ರದಲ್ಲಿ ನಡೆಯುತ್ತಿದ್ದ ಮೋಸ. ಗಣಪತಿಯಪ್ಪನವರ ರೈತ ಸಂಘ ಅದಕ್ಕೆ ಮೊದಲೇ ಇತ್ತು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿಗಳೂ ಅದರ ಜೊತೆಗೂಡಿದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಪಕ್ಷ ಹೋಗಿ ಸಮಸ್ಯೆಯನ್ನು ಕಲಿಸಿಕೊಡಲಿಲ್ಲ, ಜನ ಹಿಡಿದಿದ್ದ ಸಮಸ್ಯೆಗೆ ಹೆಗಲು ಕೊಟ್ಟಿತು.

ಬಳ್ಳಾರಿಯ ಜೀನ್ಸಿನಲ್ಲಿ ಕೊಳಗದ ಜಾಗದಲ್ಲಿ ಪೀಸಿನ ಎಣಿಕೆ ಇದೆ. ಎಣಿಸುವವರು ಯಾರು, ಹೊಲಿಗೆ ಕೆಟ್ಟಿದೆಯೆಂದು ಕೂಲಿ ಮುರಿಯುವವರು ಯಾರು, ಹಬ್ಬಕ್ಕೆ ಕೊಟ್ಟ ಮುಂಗಡ ಹೇಗೆ ವಜಾ ಆಗುತ್ತದೆ ಎಂದು ಕೇಳುತ್ತಾ ಹೋಗಿ, ಕೇಳಿದ್ದನ್ನು ಬರೆದುಕೊಳ್ಳಿ. ಕನಿಷ್ಠ ವೇತನದ ಕಾನೂನು ಪೀಸಿನ ಲೆಕ್ಕದ ಕೆಲಸಕ್ಕೂ ಅನ್ವಯಿಸುತ್ತದೆ ಎಂಬ ಒಂದೇ ವಿಷಯಕ್ಕೆ ಮುಂದಿನ ಕರಪತ್ರವನ್ನು ಮೀಸಲಿಡಿ. ಭಾಷೆಯನ್ನೂ ಮರೆಯಬೇಡಿ. 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿದ್ದ ಈ ಊರಿನಲ್ಲಿ ಕನ್ನಡದ ಜೊತೆಗೆ ತೆಲುಗು, ಉರ್ದು ಎರಡೂ ಮನೆಮಾತುಗಳು. ಕೌಲ್ ಬಜಾರಿನಲ್ಲಿ ಉರ್ದು ಬಾರದ ಕಾರ್ಯಕರ್ತನೊಬ್ಬ ಅಚ್ಚಗನ್ನಡದಲ್ಲಿ ಅರ್ಧ ಗಂಟೆ ಭಾಷಣ ಮಾಡಿದರೆ ಕೇಳುವ ಅಕ್ಕಂದಿರಿಗೆ ಮನೆಯ ಅಡುಗೆ ನೆನಪಾಗುತ್ತದೆ. ಸಂಜೆ ಆರರ ಸಭೆಗೆ ಅವರು ಬರಲಾರರು. ಮಷಿನ್ನಿಗೆ ರಜೆ ಇರುವ ದಿನ, ಅವರ ಓಣಿಯಲ್ಲೇ, ಅವರಲ್ಲೊಬ್ಬರ ಅಧ್ಯಕ್ಷತೆಯಲ್ಲಿ ಕೂಡಿ.

ಪ್ರಶ್ನೆ: ಪಕ್ಷದ ಹೆಸರಿನಿಂದ ‘ಸಮಾಜವಾದಿ’ ಎಂಬ ಪದವನ್ನು ತೆಗೆದರೆ ಹೊಸಬರು ಬರುತ್ತಾರೆಂದು ನಮ್ಮ ಯುವಕರು ವಾದಿಸುತ್ತಾರೆ. ನಿಮ್ಮ ಅಭಿಪ್ರಾಯ?
– ಓದುಗರು, ರಾಯಚೂರು

ಉತ್ತರ: ಹೆಸರಿನಿಂದ ತೆಗೆದರೂ ನಿಮ್ಮ ಪಕ್ಷದ ನಿಯಮಾವಳಿಯಿಂದ ತೆಗೆಯುವಂತಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮಿನ ಪ್ರಕಾರ, ಚುನಾವಣಾ ಆಯೋಗದಲ್ಲಿ ನೋಂದಣಿ ಬಯಸುವ ಪ್ರತಿಯೊಂದು ಪಕ್ಷವೂ ಸಂವಿಧಾನಕ್ಕೆ ಮತ್ತು ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವದ ತತ್ವಗಳಿಗೆ ನಿಷ್ಠವಾಗಿರುವುದಾಗಿ ಬರೆದುಕೊಡಬೇಕು. ದೇಶದ ಎಲ್ಲ ದೊಡ್ಡ ಪಕ್ಷಗಳೂ ಹಾಗೆ ಬರೆದುಕೊಟ್ಟಿವೆ. ಅವರು ಕಡತದಲ್ಲಿಟ್ಟ ಪದವನ್ನು ನೀವು ಹಲಗೆಯ ಮೇಲೆ ಬರೆದಿದ್ದೀರಿ, ನನಗೆ ಅದು ಹೆಮ್ಮೆಯ ವಿಷಯವಾಗಿಯೇ ಕಾಣುತ್ತದೆ. ಹಾಗೆಂದು ಯುವಕರ ಬಾಯಿ ಮುಚ್ಚಿಸಬೇಡಿ. ಆ ಪದದ ಬಗ್ಗೆ ಅವರಿಗಿರುವ ಅಸಮಾಧಾನ ಏನೆಂಬುದನ್ನು ಅವರೇ ಬರೆದು ಸಭೆಯಲ್ಲಿ ಓದಲಿ.

ಪ್ರಶ್ನೆ: ನಮ್ಮ ಹಳ್ಳಿಯ ಘಟಕದ ಅರ್ಧದಷ್ಟು ಸದಸ್ಯರು ವರ್ಷದ ಹೆಚ್ಚಿನ ತಿಂಗಳು ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಪದಾಧಿಕಾರಿಗಳ ಆಯ್ಕೆಯೂ, ಗ್ರಾಮ ಪಂಚಾಯಿತಿ ಚುನಾವಣೆಯ ತಯಾರಿಯೂ ಊರಲ್ಲಿ ಉಳಿದ ಕೆಲವರಿಂದಲೇ ನಡೆಯುತ್ತಿದೆ. ಇದು ಸರಿಯೇ?
– ಓದುಗರು, ಕುಷ್ಟಗಿ

ಉತ್ತರ: ಸರಿಯಲ್ಲ. ಗುಳೆ ಹೋದವರೇ ನಿಮ್ಮ ಊರಿನ ಕಷ್ಟವನ್ನು ಎಲ್ಲರಿಗಿಂತ ಹೆಚ್ಚು ಹೊತ್ತವರು, ಅವರಿಲ್ಲದ ಸಭೆಯಲ್ಲಿ ಕೂಲಿಯ ಮಾತು ಹಿಂದೆ ಸರಿದು ಚರಂಡಿ ಕಾಮಗಾರಿಯ ಮಾತು ಮುಂದೆ ಬರುತ್ತದೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದರಿಂದ, ಗೆದ್ದ ನಿಮ್ಮ ಸದಸ್ಯರನ್ನು ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಅಂದರೆ ವಿಪ್ ಹಿಡಿದು ನಿಲ್ಲಿಸಲಾಗದು. ಅವರನ್ನು ಆರಿಸಿದ ಸಭೆ ಎಷ್ಟು ದೊಡ್ಡದಿತ್ತು ಎಂಬುದೊಂದೇ ಅವರ ಮೇಲಿನ ಹಂಗು. ಊರಿನವರು ಎಲ್ಲಿದ್ದರೂ ಮರಳಿ ಬರುವ ದಿನಗಳು ನಿಮಗೆ ಗೊತ್ತೇ ಇವೆ: ಮೊಹರಂನಲ್ಲಿ ಅಲಾಯಿ ಕುಣಿಯುವ ದಿನಗಳು, ಊರ ಜಾತ್ರೆ, ಮುಂಗಾರು ಬಿತ್ತನೆ. ವಾರ್ಷಿಕ ಸಭೆಯನ್ನೂ ಪದಾಧಿಕಾರಿಗಳ ಆಯ್ಕೆಯನ್ನೂ ಆ ದಿನಗಳಿಗೆ ಹೊಂದಿಸಿ, ತಾರೀಖನ್ನು ಎರಡು ತಿಂಗಳು ಮೊದಲೇ ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡುಗಳವರೆಗೆ ತಲುಪಿಸಿ. ಸದಸ್ಯತ್ವದ ಚಂದಾ ಪುಸ್ತಕವನ್ನು ಹಿಡಿದು ನಿಮ್ಮಲ್ಲಿ ಒಬ್ಬರು ಅಲ್ಲಿಗೇ ಒಮ್ಮೆ ಹೋಗಿಬನ್ನಿ. ಅಲ್ಲಿ ಯಲಬುರ್ಗಾದವರೂ ದೇವದುರ್ಗದವರೂ ನಿಮ್ಮವರ ಪಕ್ಕದ ಶೆಡ್ಡಿನಲ್ಲೇ ಇರುತ್ತಾರೆ.